ಹದಿನಾಲ್ಕು ಅಡಿ, ಇಳಿಮುಖ

ಪತ್ರಿಕೆಯ ಆರನೇ ಪುಟದ ಕೆಳಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗ. ಅದರ ಹೆಸರು 'ಇಂದು ಊರಲ್ಲಿ'. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು, ಎಲ್ಲಿ ಕರೆಂಟು ತೆಗೆಯುತ್ತಾರೆ, ಭಾನುವಾರ ತೆರೆದಿರುವ ಔಷಧಿ ಅಂಗಡಿ ಯಾವುದು, ನದಿ ಎಷ್ಟು ಅಡಿ. ಇಷ್ಟೇ. ಭಾಷಣ ಬರೆದುಕೊಂಡು ಬರುವವರು, ಆಟದ ಸುದ್ದಿ ಬರೆಯುವವರು ಎಲ್ಲ ತಮ್ಮ ತಮ್ಮ ಹೆಸರು ಹಾಕಿಸಿಕೊಳ್ಳುತ್ತಾರೆ. ಈ ಮೂಲೆಗೆ ಯಾರ ಹೆಸರೂ ಇಲ್ಲ. ಆದರೆ ಭಾಷಣ ಒಂದು ದಿನ ಬರದಿದ್ದರೆ ಭಾಷಣ ಮಾಡಿದವರ ಹೊರತು ಯಾರೂ ಕೇಳುವುದಿಲ್ಲ, ಈ ಮೂಲೆ ಬರದಿದ್ದರೆ ಬೆಳಗ್ಗೆ ಏಳರಿಂದಲೇ ಕಚೇರಿಯ ಫೋನು ಬಡಿದುಕೊಳ್ಳುತ್ತದೆ. ಹನ್ನೊಂದು ವರ್ಷಗಳಿಂದ ಅದನ್ನು ತುಂಬುತ್ತಿದ್ದವಳನ್ನು ಕಚೇರಿಯವರು ಅಂಕಿ ಅಕ್ಕ ಎಂದು ಕರೆಯುತ್ತಿದ್ದರು. ವಯಸ್ಸು ನಲವತ್ತಾರು, ಮೂಗಿನ ತುದಿಗೆ ಕನ್ನಡಕ, ಅಂಕಿಗಳ ವಿಷಯದಲ್ಲಿ ಸ್ವಲ್ಪ ಜಂಬ. ಜಂಬ ಇರಬೇಕಾದ್ದೇ, ಯಾಕೆಂದರೆ ಹನ್ನೊಂದು ವರ್ಷದಲ್ಲಿ ಒಂದು ತಿದ್ದುಪಡಿಯನ್ನೂ ಅವಳು ಹಾಕಿರಲಿಲ್ಲ.

ಆ ಊರಿನಲ್ಲಿ ನದಿ ಇದೆ, ಆದರೆ ನದಿಯನ್ನು ಕಂಡವರು ಕಡಿಮೆ. ಹಿಂದೊಮ್ಮೆ ನೀರು ನುಗ್ಗಿದ ಮೇಲೆ ದಡದುದ್ದಕ್ಕೂ ಮೂರಾಳೆತ್ತರದ ಗೋಡೆ ಕಟ್ಟಿಬಿಟ್ಟಿದ್ದರು. ಗೋಡೆ ಜನರ ಒಳ್ಳೆಯದಕ್ಕೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದಿನಿಂದ ನದಿ ಏನು ಮಾಡುತ್ತಿದೆ ಎಂದು ತಿಳಿಯಲು ಜನರಿಗೆ ಉಳಿದದ್ದು ಅವಳ ಆ ಬೆಂಕಿಪೊಟ್ಟಣವೊಂದೇ.

ನದಿಯನ್ನು ನಿಜವಾಗಿ ನೋಡುತ್ತಿದ್ದವನು ಅಳತೆಯವನು. ಗೋಡೆಯ ನೆತ್ತಿಯ ಮೇಲೆ ಅವನ ಗುಡಿಸಲಿನಂಥ ಕೋಣೆ, ಪಕ್ಕದಲ್ಲಿ ಬಾವಿಯಂಥ ಒಂದು ಗೂಡು. ಗೂಡಿನೊಳಗೆ ಸುತ್ತಿಕೊಂಡು ಇಳಿಯುವ ಮೆಟ್ಟಿಲು, ತಳದಲ್ಲಿ ನದಿಯ ನೀರು, ಗೋಡೆಗೆ ಅಡಿ ಇಂಚು ಬರೆದ ಹಲಗೆ. ಸಂಜೆ ನಾಲ್ಕಕ್ಕೆ ಅವನು ಟಾರ್ಚು ಹಿಡಿದು ಇಳಿಯುತ್ತಾನೆ, ನೋಡುತ್ತಾನೆ, ಹತ್ತಿ ಬಂದು ಫೋನು ಮಾಡುತ್ತಾನೆ. "ಅಕ್ಕಾ, ಹದಿನಾಲ್ಕು ಆರು" ಎನ್ನುತ್ತಾನೆ. ಅವಳು ಬರೆದುಕೊಳ್ಳುತ್ತಾಳೆ. ಹನ್ನೊಂದು ವರ್ಷ ಮಾತಾಡಿದ್ದಾರೆ. ಒಬ್ಬರ ಮುಖ ಒಬ್ಬರು ನೋಡಿಲ್ಲ.

ಆ ಸೋಮವಾರ ಫೋನು ಬರಲಿಲ್ಲ. ಐದಾಯಿತು, ಐದೂವರೆಯಾಯಿತು. ಪುಟ ಕಟ್ಟುವವನು ಬಾಗಿಲಲ್ಲಿ ನಿಂತು, "ಅಂಕಿ ಅಕ್ಕಾ, ನಿಮ್ಮ ಒಂದು ಸಾಲಿಗೋಸ್ಕರ ಇಡೀ ಪುಟ ಕಾಯ್ತಾ ಇದೆ" ಎಂದು ಕೈ ಉಜ್ಜಿದ. ಅವಳು ಕಿಟಕಿಯಾಚೆ ನೋಡಿದಳು. ಎಂಟು ದಿನದಿಂದ ಆಕಾಶ ತೊಳೆದಿಟ್ಟ ಹಾಗಿತ್ತು, ಮೋಡದ ಸುಳಿವಿಲ್ಲ. ಭಾನುವಾರದ ಅಳತೆ ಹದಿನಾಲ್ಕು ಅಡಿ ಆರು ಇಂಚು. ಇಂಥ ಬಿಸಿಲಿಗೆ ದಿನಕ್ಕೆ ಎರಡು ಇಂಚು ಇಳಿಯಬೇಕು, ಅವಳಿಗೇನು ಹೊಸದೇ? 'ಹದಿನಾಲ್ಕು ಅಡಿ ನಾಲ್ಕು ಇಂಚು, ಇಳಿಮುಖ' ಎಂದು ಬರೆದು ಕೊಟ್ಟಳು. ಫೋನು ಬರದ ದಿನಗಳಲ್ಲಿ ಹೀಗೆ ಮಾಡುವುದು ಅವಳಿಗೆ ರೂಢಿಯೇ ಆಗಿತ್ತು. ಅದು ಸುಳ್ಳು ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ, ಅನುಭವ ಎಂದು ಅನ್ನಿಸಿತ್ತು.

ಮಂಗಳವಾರ ನಾಲ್ಕಕ್ಕೆ ಸರಿಯಾಗಿ ಫೋನು ಬಂತು. ಹೆಣ್ಣುದನಿ. "ಅವರು ಸ್ವಲ್ಪ ಆಚೆ ಹೋಗಿದಾರೆ. ಹದಿನಾಲ್ಕು ಅಡಿ ಎರಡು ಇಂಚು" ಎಂದಳು ಅಳತೆಯವನ ಹೆಂಡತಿ. ಅಂಕಿ ಅಕ್ಕನ ಮುಖ ಅರಳಿತು. ನಿನ್ನೆ ತಾನು ಹಾಕಿದ್ದು ನಾಲ್ಕು, ಇವತ್ತು ಎರಡು, ಲೆಕ್ಕ ಕರಾರುವಾಕ್ಕು! ಪುಟ ಕಟ್ಟುವವನಿಗೆ, "ನೋಡ್ದೇನೋ, ನನ್ನ ಕಣ್ಣಳತೆ" ಎಂದು ಹೇಳಿಯೂ ಹೇಳಿದಳು. ಬುಧವಾರ ಅದೇ ದನಿ, ಹದಿನಾಲ್ಕು ಅಡಿ. ಅದು ಗುರುವಾರದ ಪತ್ರಿಕೆಯಲ್ಲಿ ಬಂತು.

ಗುರುವಾರ ಬೆಳಗ್ಗೆ ಒಂಬತ್ತೂವರೆಗೆ ಅವಳ ಸ್ವಂತ ಅಕ್ಕನ ಫೋನು. ಅಕ್ಕನ ಮನೆ ಗೋಡೆಯ ಬುಡದ ತಗ್ಗಿನ ಬೀದಿಯಲ್ಲಿ. ಭಾವ ದರ್ಜಿ, ಮುಂದಿನ ಕೋಣೆಯೇ ಅಂಗಡಿ, ಹಿಂದಿನದು ಮನೆ. ಭಾವನ ಬಲಗಾಲು ಸ್ವಲ್ಪ ಎಳೆಯುತ್ತದೆ.

"ಪುಟ್ಟೀ," ಎಂದಳು ಅಕ್ಕ. ನಲವತ್ತಾರರ ಹೆಂಗಸನ್ನು ಹಾಗೆ ಕರೆಯುವವಳು ಅವಳೊಬ್ಬಳೇ. "ಒಂದು ಮಾತು ಕೇಳ್ತೀನಿ, ನಗಬೇಡ. ಪಕ್ಕದ ಇಸ್ತ್ರಿಯವಳ ಅಂಗಡಿ ಇದೆಯಲ್ಲ, ನಾಲ್ಕು ಮೆಟ್ಟಿಲು ಕೆಳಗೆ? ಅದರ ನೆಲ ಮೊನ್ನೆಯಿಂದ ಒದ್ದೆ ಅಂತೆ. ನದಿ ಏರಿದೆ ಅಂತ ಹೆದರಿ ಅವಳು ನಿನ್ನೆ ಗಿರಾಕಿಗಳ ಬಟ್ಟೆ ಗಂಟೆಲ್ಲಾ ಮಹಡಿಗೆ ಹೊತ್ತಿದ್ದಳು. ನಿಮ್ಮ ಭಾವ ಹೋಗಿ ನಿನ್ನ ಕಾಲಂ ತೋರಿಸಿ, ನದಿ ಇಳೀತಿದೆ, ಇದು ಎಲ್ಲೋ ನಲ್ಲಿ ಸೋರ್ತಿರೋದು ಅಂತ ಹೇಳಿ, ಎಲ್ಲಾ ಮತ್ತೆ ಕೆಳಗೆ ಇಳಿಸಿದರು. ಸರಿ ತಾನೇ?"

"ಅಯ್ಯೋ ಅಕ್ಕಾ, ಅದು ಸರ್ಕಾರಿ ಅಳತೆ ಕಣೆ. ನಾನೇನು ಮನೆಯಲ್ಲಿ ಕೂತು ಬರೀತೀನಾ?" ಎಂದು ನಕ್ಕಳು.

"ಹಾಗಾದ್ರೆ ಮುಗೀತು. ನೀನು ಹೇಳಿದ ಮೇಲೆ ಇನ್ನೇನು" ಎಂದು ಅಕ್ಕ ಫೋನಿಟ್ಟಳು.

ಅಕ್ಕ ಅಷ್ಟು ಬೇಗ ಒಪ್ಪದೆ ನಾಲ್ಕು ಮಾತು ಜಗಳ ಆಡಿದ್ದರೆ ಅವಳು ಗೆದ್ದು, ಚಹಾ ಕುಡಿದು, ಕೆಲಸಕ್ಕೆ ಕೂರುತ್ತಿದ್ದಳು. 'ನೀನು ಹೇಳಿದ ಮೇಲೆ ಇನ್ನೇನು' ಎಂದದ್ದೇ ಚುಚ್ಚಿತು. ಮನೆಯಲ್ಲಿ ಕೂತು ಬರೆದಿರಲಿಲ್ಲ, ನಿಜ. ಕಚೇರಿಯಲ್ಲಿ ಕೂತು ಬರೆದಿದ್ದಳು. ಸೋಮವಾರದ್ದು ಮಾತ್ರ ತಾನೇ, ಆಮೇಲಿನವು ಅಳತೆಯವನ ಮನೆಯಿಂದಲೇ ಬಂದವಲ್ಲ ಎಂದು ಸಮಾಧಾನ ಮಾಡಿಕೊಂಡರೂ ಕೈ ಸುಮ್ಮನಿರಲಿಲ್ಲ. ನೆರೆ ನಿಯಂತ್ರಣ ಕೊಠಡಿಗೆ ಫೋನು ಹಚ್ಚಿದಳು. ದಿನಾ ಬೆಳಗ್ಗೆ ರೇಡಿಯೋಗೆ ಪ್ರಕಟಣೆ ಕೊಡುವವರು, ಬೀದಿ ಮೂಲೆಯ ಕಪ್ಪು ಹಲಗೆಗೆ ಅಂಕಿ ಬರೆಸುವವರು ಅವರೇ.

"ನದಿ ಮಟ್ಟ ಎಷ್ಟಿದೆ ಸ್ವಲ್ಪ ನೋಡಿ ಹೇಳ್ತೀರಾ?"

"ಒಂದ್ನಿಮಿಷ ಮೇಡಂ," ಎಂದ ಗುಮಾಸ್ತ. ಅತ್ತಲಿಂದ ಕಾಗದ ಮಡಚಿ ಬಿಚ್ಚುವ ಸರಪರ ಸದ್ದು ಕೇಳಿಸಿತು. "ಹಾಂ. ಹದಿನಾಲ್ಕು ಅಡಿ, ಇಳಿಮುಖ."

ಆ 'ಇಳಿಮುಖ' ಎಂಬುದು ಅವಳದೇ ಪದ. ಅಳತೆಯವನು ಆ ಪದ ಆಡಿದವನಲ್ಲ. "ನೀವು ಏನು ನೋಡಿ ಹೇಳ್ತಾ ಇದೀರಿ?" ಎಂದು ಕೇಳಿದಳು.

"ಪೇಪರಲ್ಲೇ ಬಂದಿದೆಯಲ್ಲ ಮೇಡಂ. ಆ ಅಳತೆಯವರು ಫೋನ್ ಮಾಡೋ ಹೊತ್ತಿಗೆ ನಮ್ಮ ಲೈನ್ ಯಾವಾಗಲೂ ಬಿಜಿ. ಅದಕ್ಕೇ ಬೆಳಗ್ಗೆ ಪೇಪರ್ ನೋಡಿ ರಿಜಿಸ್ಟರಿಗೆ ಏರಿಸಿಬಿಡ್ತೀವಿ. ವರ್ಷಗಟ್ಟಲೆ ಹಾಗೇ ನಡೀತಿದೆ. ಆ ಪೇಪರ್ ತಪ್ಪಲ್ಲ, ನೀವು ಯೋಚನೆ ಮಾಡಬೇಡಿ" ಎಂದು ಅವಳಿಗೇ ಧೈರ್ಯ ಹೇಳಿದ.

ರೇಡಿಯೋ, ಕಪ್ಪು ಹಲಗೆ, ಪತ್ರಿಕೆ ಎಂದು ಮೂರು ಕಡೆ ಒಂದೇ ಮಾತು ಕೇಳಿ ಊರು ನೆಮ್ಮದಿಯಾಗಿತ್ತು. ಮೂರಕ್ಕೂ ಇದ್ದ ಬಾಯಿ ಅವಳದೊಂದೇ. ಚೀಲ ಹೆಗಲಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಕೇಳದೆ ಬಸ್ಸು ಹತ್ತಿದಳು.

ಅಳತೆಯವನ ಕೋಣೆಯ ಬಾಗಿಲು ತೆರೆದದ್ದು ಅವನ ಹೆಂಡತಿ. ಸಣ್ಣ ಕೋಣೆ, ಒಂದು ಮಂಚ, ಒಂದು ಸ್ಟೌ, ಮೊಳೆಗೆ ತೂಗುಹಾಕಿದ ಬೀಗದಕೈ, ಮೇಜಿನ ಮೇಲೆ ಫೋನು, ಫೋನಿನ ಪಕ್ಕ ಅವತ್ತಿನ ಪತ್ರಿಕೆ ಆರನೇ ಪುಟಕ್ಕೆ ಮಡಚಿ ಇಟ್ಟಿತ್ತು. ಮಂಚದ ಮೇಲೆ ಕಂಬಳಿ ಹೊದ್ದ ಗಂಡಸು ಬಾಯಿ ಬಿಟ್ಟುಕೊಂಡು ಮಲಗಿದ್ದ. ನಾಲ್ಕು ದಿನದ ಜ್ವರ ಅವನ ಕೆನ್ನೆಯನ್ನು ಒಳಕ್ಕೆ ಎಳೆದಿತ್ತು.

"ನಾನು ಪತ್ರಿಕೆಯಿಂದ," ಎಂದಳು.

ಆ ಹೆಂಗಸು ಮೊದಲು ಮಾಡಿದ ಕೆಲಸ, ಪತ್ರಿಕೆಯನ್ನು ದಿಂಬಿನಡಿಗೆ ತಳ್ಳಿದ್ದು. ಆಮೇಲೆ ಅದರಿಂದ ಪ್ರಯೋಜನವಿಲ್ಲ ಎಂದು ಅವಳಿಗೇ ಗೊತ್ತಾಗಿ ಕೆಳಗೆ ಕೂತಳು.

"ಅವರಿಗೆ ರಜೆ ಒಂದೂ ಉಳಿದಿಲ್ಲಮ್ಮ. ಮಲಗಿದಾರೆ ಅಂದ್ರೆ ಬೇರೆಯವರನ್ನ ಹಾಕಿಬಿಡ್ತಾರೆ, ಈ ಕೋಣೆನೂ ಹೋಗುತ್ತೆ. ನಾನೇ ನೋಡೋಣ ಅಂತ ಗೂಡಿನ ಬಾಗಿಲು ತೆಗೆದೆ. ಒಳಗೆ ಕತ್ತಲೆ, ಮೆಟ್ಟಿಲ ತುಂಬಾ ಪಾಚಿ, ನನ್ನ ಮೊಣಕಾಲು ನೋಡಿ ಹೇಗಿದೆ. ಇಳಿಯೋಕೆ ಧೈರ್ಯ ಬರಲಿಲ್ಲ. ಸೋಮವಾರ ಫೋನೇ ಮಾಡಲಿಲ್ಲ. ಮಂಗಳವಾರ ನಿಮ್ಮ ಪೇಪರ್ ನೋಡಿದ್ರೆ ಸೋಮವಾರದ್ದು ಬಂದುಬಿಟ್ಟಿತ್ತು! ನಾವು ಹೇಳದೆ ಇವರಿಗೆ ಹೇಗೆ ಗೊತ್ತಾಯ್ತು ಅಂತ ಆಶ್ಚರ್ಯ ಆಯ್ತು. ಇನ್ಯಾರೋ ದೊಡ್ಡ ಆಫೀಸಿನವರು ನೋಡಿ ಹೇಳಿರಬೇಕು, ಇಳೀತಿದೆ ಅಂತ ಬೇರೆ ಹಾಕಿದಾರೆ, ಅವರಿಗಿಂತ ನನಗೆ ಗೊತ್ತಾ ಅಂದ್ಕೊಂಡು ಎರಡು ಇಂಚು ಕಮ್ಮಿ ಮಾಡಿ ಹೇಳ್ದೆ. ನಾನು ಬೇಕು ಅಂತ ಸುಳ್ಳು ಹೇಳಲಿಲ್ಲಮ್ಮ. ನಿಮ್ಮನ್ನ ನಂಬಿ ಹೇಳ್ದೆ."

ಬೈಯಲು ಬಂದವಳಲ್ಲ ಅವಳು. ಬೈಯಬೇಕೆಂದು ಬಂದಿದ್ದರೂ ಬಾಯಿ ಏಳುತ್ತಿರಲಿಲ್ಲ. ಆ ಹೆಂಗಸು ನಂಬಿದ್ದ ದೊಡ್ಡ ಆಫೀಸು ಎಂದರೆ, ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಿ ಅಂಕಿ ಬರೆದುಕೊಟ್ಟ ಇವಳೇ. "ಬೀಗದಕೈ ಕೊಡಿ" ಎಂದಷ್ಟೇ ಹೇಳಿದಳು.

ಗೂಡಿನೊಳಗೆ ತಣ್ಣನೆ ಗಾಳಿ, ಕೆಸರಿನ ವಾಸನೆ. ಗೋಡೆಯ ನೆತ್ತಿ ಇಪ್ಪತ್ತಾರು ಅಡಿ. ನೀರು ಹದಿನಾಲ್ಕರಲ್ಲಿದ್ದರೆ ಇಪ್ಪತ್ತು ಮೆಟ್ಟಿಲು ಇಳಿಯಬೇಕು ಎಂದು ಆ ಹೆಂಗಸು ಮೇಲಿನಿಂದ ಹೇಳಿದಳು. ಅಂಕಿ ಅಕ್ಕ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈ ಗೋಡೆಗೆ ಕೊಟ್ಟು, ಎಣಿಸುತ್ತಾ ಇಳಿದಳು. ಹತ್ತು, ಹನ್ನೊಂದು. ಹನ್ನೆರಡನೆಯದಕ್ಕೆ ಇಟ್ಟ ಕಾಲು ಪಾದ ಮುಳುಗುವಷ್ಟು ನೀರಿಗೆ ಬಿತ್ತು.

ಟಾರ್ಚು ಹಲಗೆಗೆ ಹಿಡಿದಳು. ಹದಿನೆಂಟು ಅಡಿ ಒಂಬತ್ತು ಇಂಚು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಅಷ್ಟೇ ಇತ್ತು.

ಮೇಲೆ ಬಂದು ಅಂಕಿ ಹೇಳಿದಾಗ ಮಂಚದಲ್ಲಿದ್ದವನು ಎದ್ದು ಕೂತ. ಹನ್ನೊಂದು ವರ್ಷದಿಂದ ಕೇಳಿದ ದನಿ ಆ ಸೊರಗಿದ ಮೈಯಿಂದ ಬಂತು. "ಮೇಲೆ ಬೆಟ್ಟದ ಕಡೆ ಮಳೆಯಾಗಿದೆ ಅಕ್ಕಾ. ಇಲ್ಲಿ ಬಿಸಿಲಿದ್ರೆ ಏನು, ನೀರು ಅಲ್ಲಿಂದ ಬರೋದು. ಗಂಟೆಗೆ ಎಷ್ಟು ಏರ್ತಿದೆ ನೋಡಬೇಕು, ಒಂದು ಗೀಟು ಹಾಕಿ ಕಾಯಿರಿ." ಅವಳು ಸೀಮೆಸುಣ್ಣ ಹಿಡಿದು ಮತ್ತೆ ಇಳಿದಳು. ಇಪ್ಪತ್ತು ನಿಮಿಷದಲ್ಲಿ ಗೀಟು ಒಂದು ಇಂಚು ಒಳಗೆ ಹೋಯಿತು. "ಗಂಟೆಗೆ ಮೂರು," ಎಂದ ಅವನು. "ಗೋಡೆಗೆ ಏನೂ ಆಗಲ್ಲ. ಆದರೆ ತಗ್ಗಿನ ಬೀದಿ ಚರಂಡಿ ಗೋಡೆ ಕೆಳಗಿಂದ ಹೊಳೆಗೆ ಬರುತ್ತೆ. ಹತ್ತೊಂಬತ್ತೂವರೆ ದಾಟಿದ್ರೆ ಹೊಳೆಯೇ ಚರಂಡಿಯಿಂದ ಬೀದಿಗೆ ಹೋಗುತ್ತೆ. ಮೂರು ಗಂಟೆ ಸಮಯ ಇಲ್ಲ."

ಅವನೇ ನಿಯಂತ್ರಣ ಕೊಠಡಿಗೆ ಫೋನು ಹಚ್ಚಿದ. ದೇವರ ದಯೆ, ಲೈನು ಸಿಕ್ಕಿತು. ಅತ್ತಲಿನ ಗುಮಾಸ್ತ ಏನು ಹೇಳಿದನೋ, ಜ್ವರದ ಮನುಷ್ಯ ಕಂಬಳಿ ಕಿತ್ತೆಸೆದು ಕೂಗಿದ: "ಪೇಪರಿಗೆ ಹೇಳೋನೇ ನಾನು ಕಣಯ್ಯಾ! ನೀನು ಪೇಪರ್ ಮಡಚಿಟ್ಟು ನನ್ನ ಮಾತು ಕೇಳು!" ಮೇಲಿನವರಿಗೆ ತಿಳಿಸಿ, ಅಪ್ಪಣೆ ಬಂದ ಮೇಲೆ ಗಾಡಿ ಕಳಿಸುತ್ತೇವೆ ಎಂದರಂತೆ. ಅಪ್ಪಣೆಗೆ ಕಾಯುವಷ್ಟು ಪುರಸೊತ್ತು ಅವಳಿಗಿರಲಿಲ್ಲ. ಹೊರಡುವಾಗ ಆ ಹೆಂಗಸು ಅವಳ ಕೈ ಹಿಡಿದುಕೊಂಡಳು. "ಇವರ ಹೆಸರು ಮಾತ್ರ ಹಾಕಬೇಡಿ." "ಇಲ್ಲ" ಎಂದು ಹೇಳಿ, ಒಂದು ಕಾಲಿನ ಚಪ್ಪಲಿ ಪಚಪಚ ಎನ್ನುತ್ತಿರುವಂತೆಯೇ ಗೋಡೆಯ ಮೆಟ್ಟಿಲಿಳಿದು ತಗ್ಗಿನ ಬೀದಿಗೆ ಓಡಿದಳು.

ಓಡುತ್ತಿದ್ದವಳಿಗೆ ನೀರಿನ ಭಯಕ್ಕಿಂತ ಭಾವನ ಭಯವೇ ಹೆಚ್ಚಾಗಿತ್ತು. ಭಾವನ ಕಥೆ ಹೀಗೆ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಯಾರೋ ಕಟ್ಟೆ ಒಡೆಯಿತು ಎಂದು ಕೂಗಿ, ಇಡೀ ಬೀದಿ ಎದ್ದು ಕಾಲುಸೇತುವೆಯ ಕಡೆ ಓಡಿತ್ತು. ಕಟ್ಟೆ ಒಡೆದಿರಲಿಲ್ಲ, ಎಲ್ಲೂ ಏನೂ ಆಗಿರಲಿಲ್ಲ. ಆದರೆ ಆ ನೂಕುನುಗ್ಗಲಲ್ಲಿ ಭಾವನ ತಾಯಿ ಬಿದ್ದರು, ಅವರನ್ನು ಎತ್ತಲು ಹೋದ ಭಾವನ ಕಾಲು ಮುರಿಯಿತು. ಭಾವ ಕುಂಟುತ್ತಾ ಮನೆಗೆ ಬಂದ, ತಾಯಿ ಬರಲಿಲ್ಲ. ಅಂದಿನಿಂದ ಬಾಯಿಮಾತು ಆ ಮನೆಯ ಹೊಸ್ತಿಲು ದಾಟಿಲ್ಲ. ಅಚ್ಚಾದದ್ದಿದ್ದರೆ ತೋರಿಸಿ ಎನ್ನುತ್ತಾನೆ. ಅಚ್ಚು ಹಾಕುವವರಿಗೆ ಯಜಮಾನರಿದ್ದಾರೆ, ತಪ್ಪಿದರೆ ಹಿಡಿದು ಕೇಳಬಹುದು. ಗಾಳಿಮಾತನ್ನು ಯಾರ ಕುತ್ತಿಗೆ ಹಿಡಿದು ಕೇಳೋದು ಎಂಬುದು ಅವನ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ಇಂಥವನ ಮುಂದೆ ಈಗ ಅವಳು ಬಾಯಿಮಾತು ಹೊತ್ತು ನಿಲ್ಲಬೇಕಾಗಿತ್ತು.

ಭಾವ ಶಾಲೆಯ ಸಮವಸ್ತ್ರದ ತೋಳುಗಳನ್ನು ಹೊಲಿಯುತ್ತಿದ್ದ. ಅವಳು ಏದುಸಿರು ಬಿಡುತ್ತಾ ಹೇಳಿ ಮುಗಿಸುವವರೆಗೆ ಯಂತ್ರದ ಚಕ್ರದ ಮೇಲಿನ ಕೈ ತೆಗೆಯಲಿಲ್ಲ.

"ಹದಿನೆಂಟು ಒಂಬತ್ತು ಅಂತ ಯಾರೋ ಹೇಳಿದ್ರು, ನೀನು ಓಡಿ ಬಂದೆ. ಪುಟ್ಟೀ, ನೀನೂ ಹೀಗೆ ಮಾಡ್ತೀಯಲ್ಲೇ!" ಎಂದು ಅಂದಿನ ಪತ್ರಿಕೆ ಮುಂದೆ ಹಿಡಿದ. "ಓದು. ಬೆಳಗ್ಗೆ ರೇಡಿಯೋದಲ್ಲೂ ಇದೇ. ಮೂಲೆ ಹಲಗೆ ಮೇಲೂ ಇದೇ."

"ಅವೆಲ್ಲಾ ಒಂದೇ ಭಾವ. ಅವರು ನನ್ನ ಕಾಲಂ ನೋಡಿ ಹೇಳಿದ್ದು."

"ನಿನ್ನ ಕಾಲಂ ಸರ್ಕಾರದ್ದು ನೋಡಿ ಬರೆಯೋದಲ್ವಾ?"

ಇಲ್ಲಿಗೆ ಬಂತು. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಒಳಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ತಾಂತ್ರಿಕ ತೊಂದರೆ, ಸಂಪರ್ಕ ದೋಷ, ಹೀಗೆ ಎಷ್ಟೋ ಮಾತುಗಳು ಪತ್ರಿಕೆಯವರ ನಾಲಗೆಯ ತುದಿಯಲ್ಲೇ ಇರುತ್ತವೆ. ಒಂದೂ ಹೊರಗೆ ಬರಲಿಲ್ಲ.

"ಸೋಮವಾರದ್ದು ಯಾರೂ ನೋಡಿದ್ದಲ್ಲ ಭಾವ. ಫೋನು ಬರಲಿಲ್ಲ. ಬಿಸಿಲು ನೋಡಿ ನಾನೇ ಬರೆದುಕೊಟ್ಟೆ. ಅಳತೆಯವನ ಹೆಂಡತಿ ಅದನ್ನ ನೋಡಿ ಮಂಗಳವಾರದ್ದು ಹೇಳಿದಳು. ಅದನ್ನ ನೋಡಿ ಬುಧವಾರದ್ದು. ಮೂರು ದಿನದಿಂದ ಹೊಳೆ ಕಡೆ ಯಾರೂ ಇಣುಕಿಯೂ ನೋಡಿಲ್ಲ."

ಯಂತ್ರ ನಿಂತಿತು. ಅಕ್ಕ, "ನೀನೇ ಬರೆದುಕೊಟ್ಟೆ ಅಂದ್ರೆ?" ಎಂದು ಮಗುವಿನ ಹಾಗೆ ಕೇಳಿದಳು. ಬೆಳಗ್ಗೆ ಫೋನಿನಲ್ಲಿ ನಕ್ಕದ್ದು ಇಬ್ಬರಿಗೂ ಒಟ್ಟಿಗೇ ನೆನಪಾಯಿತೋ ಏನೋ, ಇಬ್ಬರೂ ಬೇರೆ ಕಡೆ ನೋಡಿದರು.

"ಮೊದಲ ಸಲವಾ?" ಎಂದ ಭಾವ.

"ಅಲ್ಲ. ಹನ್ನೊಂದು ವರ್ಷದಲ್ಲಿ ಮೂವತ್ತು ನಲವತ್ತು ಸಲ ಆಗಿರಬಹುದು."

ಅವನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಟೇಪು ಕುತ್ತಿಗೆಯಿಂದ ತೆಗೆದು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಹೊರಗೆ ಬಿಸಿಲು ಹೊಳೆಯುತ್ತಿತ್ತು, ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಒಂದೊಂದು ನಿಮಿಷಕ್ಕೂ ಗೋಡೆಯಾಚೆ ನೀರು ಏರುತ್ತಿತ್ತು.

"ಇವತ್ತಿನದನ್ನ ನೋಡಿದ್ದು ಯಾರು?"

"ನಾನು."

"ಯಾವಾಗ?"

"ಹನ್ನೊಂದೂವರೆಗೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮತ್ತೆ."

"ಎಲ್ಲಿ ನಿಂತು?"

"ಗೂಡಿನ ಒಳಗೆ, ಹನ್ನೊಂದನೇ ಮೆಟ್ಟಿಲ ಮೇಲೆ. ಹನ್ನೆರಡನೇದು ನೀರೊಳಗಿತ್ತು ಭಾವ, ಗೊತ್ತಿಲ್ಲದೆ ಕಾಲಿಟ್ಟುಬಿಟ್ಟೆ."

ಭಾವ ಎದ್ದು ನಿಂತ. ಅವಳು ಹೇಳಿದ ಎಲ್ಲಕ್ಕಿಂತ, ಗೊತ್ತಿಲ್ಲದೆ ಕಾಲಿಟ್ಟೆ ಎಂದ ಮಾತು ಅವನನ್ನು ಎಬ್ಬಿಸಿದಂತೆ ಕಂಡಿತು. ಅಕ್ಕನ ಕಡೆ ತಿರುಗಿ, "ನಾನು ಅವಳ ಗಂಟೆಲ್ಲಾ ಕೆಳಗೆ ಇಳಿಸಿಬಿಟ್ಟೆನಲ್ಲೇ" ಎಂದ. ಆ ದನಿಯನ್ನು ಅಂಕಿ ಅಕ್ಕ ಈವರೆಗೆ ಕೇಳಿರಲಿಲ್ಲ. ಕುಂಟುಗಾಲು ಎಳೆದುಕೊಂಡು ನೇರ ಇಸ್ತ್ರಿ ಅಂಗಡಿಗೆ ಹೋದ.

ಇಸ್ತ್ರಿಯವಳು ಗಂಡನಿಲ್ಲದ, ಮಾತು ಕಡಿಮೆಯ ಹೆಂಗಸು. ಒದ್ದೆ ನೆಲದ ಮೇಲೆ ಹಲಗೆ ಹಾಸಿಕೊಂಡು ಅಂಗಿ ತಿಕ್ಕುತ್ತಿದ್ದಳು. ಭಾವ ನಾಲ್ಕು ಮೆಟ್ಟಿಲಿಳಿದು ಅವಳ ಮುಂದೆ ನಿಂತು, "ನೀನು ಹೇಳಿದ್ದೇ ಸರಿ ತಾಯಿ. ನಾನು ಹೇಳಿದ್ದು ತಪ್ಪು. ಎತ್ತು, ಎತ್ತರದ ಬೀದಿ ಶಾಲೆಗೆ ಸಾಗಿಸೋಣ" ಎಂದ.

"ನಾನು ನೆಲ ತೋರಿಸಿದೆ, ನೀವು ಪೇಪರ್ ತೋರಿಸಿದ್ರಿ," ಎಂದಳು ಅವಳು. ಅಷ್ಟೇ. ಇಸ್ತ್ರಿಪೆಟ್ಟಿಗೆಯನ್ನು ಆರಿಸಿ ಬದಿಗಿಟ್ಟು ಮೊದಲ ಗಂಟು ಅವನ ತಲೆಯ ಮೇಲೆ ಹೊರಿಸಿದಳು.

ಆಮೇಲೆ ಆದದ್ದನ್ನು ಅಂಕಿ ಅಕ್ಕ ಎಷ್ಟು ದಿನ ಕಳೆದರೂ ಮರೆಯಲಿಲ್ಲ. ಅವಳು ಆ ಕೊನೆಯಿಂದ ಈ ಕೊನೆಯವರೆಗೆ ಒಂದೊಂದೇ ಬಾಗಿಲು ಬಡಿದಳು. ಅರ್ಧ ಜನ ಪತ್ರಿಕೆ ತಂದು ತೋರಿಸಿದರು. ಒಬ್ಬ ಹಲ್ಲಿಲ್ಲದ ತಾತನಂತೂ, "ನಿಮ್ಮಂಥೋರಿಂದಲೇ ಊರಲ್ಲಿ ಗಾಬರಿ ಹಬ್ಬೋದು, ಅಚ್ಚಿನಲ್ಲಿ ಇರೋದನ್ನ ನಂಬಿ" ಎಂದು ಅವಳಿಗೇ ಬುದ್ಧಿ ಹೇಳಿ ಬಾಗಿಲು ಹಾಕಿಕೊಂಡ. ಆದರೆ ಬೀದಿಯ ನಡುವೆ ದರ್ಜಿ ತಲೆಯ ಮೇಲೆ ಗಂಟು ಹೊತ್ತು ಹೋಗುತ್ತಿದ್ದ. ಮೂರನೆಯ ಸಲಕ್ಕೆ ತನ್ನ ಹೊಲಿಗೆ ಯಂತ್ರವನ್ನೇ ಅಪ್ಪಿಕೊಂಡು ಹೊರಟ. ಇಪ್ಪತ್ತೆರಡು ವರ್ಷದಿಂದ ಯಾವ ಕೂಗಿಗೂ ಕದಲದ ಮನುಷ್ಯ! ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ದರ್ಜಿಯವರೇ ಹೊರಟರು ಅಂದ್ರೆ..." ಎಂದರು. ಮುಂದಿನ ಮಾತು ಯಾರೂ ಆಡಲಿಲ್ಲ, ಒಳಗೆ ಹೋಗಿ ಹಾಸಿಗೆ ಸುತ್ತಿದರು. ಯಾರೂ ಓಡಲಿಲ್ಲ. ಓಡಬೇಡಿ, ಒಬ್ಬರ ಹಿಂದೆ ಒಬ್ಬರು ನಡೀರಿ ಎಂದು ಭಾವ ಪ್ರತಿ ತಿರುವಿನಲ್ಲಿ ನಿಂತು ಹೇಳುತ್ತಲೇ ಇದ್ದ. ತಾತನನ್ನು ಅವನೇ ಹೋಗಿ ಕರೆತಂದ.

ಎರಡೂವರೆಗೆ ಚರಂಡಿಗಳು ಗುಳುಗುಳು ಎಂದವು. ಮೂರರ ಹೊತ್ತಿಗೆ ಇಸ್ತ್ರಿ ಅಂಗಡಿಯ ನಾಲ್ಕು ಮೆಟ್ಟಿಲೂ ಮುಳುಗಿದ್ದವು. ಮೂರೂವರೆಗೆ ನಿಯಂತ್ರಣ ಕೊಠಡಿಯ ಗಾಡಿ ಧ್ವನಿವರ್ಧಕ ಹಾಕಿಕೊಂಡು, ಚಕ್ರ ಮುಳುಗುವಷ್ಟು ನೀರಿನಲ್ಲಿ, ಖಾಲಿ ಬೀದಿಗೆ ಎಚ್ಚರಿಕೆ ಕೊಡುತ್ತಾ ಬಂತು. ನಗಬಾರದು, ಅದರಲ್ಲಿದ್ದ ಗುಮಾಸ್ತ ಪ್ಯಾಂಟು ಮಡಚಿಕೊಂಡು ಇಳಿದು ಮನೆಮನೆಗೂ ಇಣುಕಿ, ಒಬ್ಬರೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಹೋದ. ಒಂದು ಜೀವಕ್ಕೂ ಏನೂ ಆಗಲಿಲ್ಲ.

ಸಂಜೆ ಐದಕ್ಕೆ ಅವಳು ಮತ್ತೆ ಗೂಡಿಗಿಳಿದು ಅಳತೆ ನೋಡಿ, ಕಚೇರಿಗೆ ಹೋಗಿ ತಿದ್ದುಪಡಿ ಬರೆದಳು. ಸಂಪಾದಕರು ಓದಿ ಹಣೆ ಉಜ್ಜಿಕೊಂಡರು. ಒಳ್ಳೆಯ ಮನುಷ್ಯ, ಆದರೆ ಪತ್ರಿಕೆಯ ಮಾನ ಅವರ ಹೆಗಲ ಮೇಲಿತ್ತು.

"ತಾಂತ್ರಿಕ ಕಾರಣದಿಂದ ಅಂತ ಹಾಕೋಣವಮ್ಮ. ಎಲ್ಲರೂ ಹಾಗೇ ಹಾಕೋದು."

"ಯಂತ್ರ ಏನೂ ತಪ್ಪು ಮಾಡಿಲ್ಲ ಸರ್."

"ನಾಳೆಯಿಂದ ಜನ ನಮ್ಮನ್ನ ನಂಬಲ್ಲ."

"ನನ್ನ ಭಾವ ಇವತ್ತು ಮಧ್ಯಾಹ್ನದವರೆಗೆ ನಂಬಿದ್ರು ಸರ್. ಅದರಿಂದಲೇ ಇಷ್ಟೆಲ್ಲಾ ಆಯ್ತು."

ಸಂಪಾದಕರು ಬಹಳ ಹೊತ್ತು ಪೆನ್ನಿನ ಟೋಪಿ ತೆಗೆದು ಹಾಕಿ ಮಾಡಿದರು. ಕೊನೆಗೆ ಒಂದಕ್ಷರವನ್ನೂ ತಿದ್ದದೆ, 'ಮುಖಪುಟ' ಎಂದು ಮೂಲೆಯಲ್ಲಿ ಬರೆದು ಸಹಿ ಹಾಕಿದರು.

ಮಾರನೆಯ ಬೆಳಗ್ಗೆ ಅವಳು ಎತ್ತರದ ಬೀದಿಯ ಶಾಲೆಗೆ ಹೋದಾಗ, ಮಹಡಿಯ ದೊಡ್ಡ ಕೋಣೆಯಲ್ಲಿ ತಗ್ಗಿನ ಬೀದಿಯವರೆಲ್ಲ ಬೆಂಚುಗಳನ್ನು ಗೋಡೆಗೆ ಸರಿಸಿ, ಹಾಸಿಗೆ ಬಿಚ್ಚಿಕೊಂಡು ಕೂತಿದ್ದರು. ಪತ್ರಿಕೆ ಆಗಲೇ ಬಂದಿತ್ತು. ಭಾವ ಕಿಟಕಿಯ ಬೆಳಕಿಗೆ ನಿಂತು, ಓದಲು ಬಾರದವರಿಗೆಂದು ಗಟ್ಟಿಯಾಗಿ ಓದುತ್ತಿದ್ದ. ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

"'ಮಂಗಳವಾರ, ಬುಧವಾರ, ಗುರುವಾರ ಈ ಪತ್ರಿಕೆಯಲ್ಲಿ ಬಂದ ನದಿ ಮಟ್ಟವನ್ನು ಯಾರೂ ಕಣ್ಣಾರೆ ನೋಡಿರಲಿಲ್ಲ. ಮೊದಲನೆಯದು ನಮ್ಮ ಊಹೆ, ಮಿಕ್ಕವು ಆ ಊಹೆಯಿಂದ ಹುಟ್ಟಿದವು. ತಪ್ಪು ಈ ಅಂಕಣ ಬರೆಯುವವರದು, ಬೇರೆ ಯಾರದೂ ಅಲ್ಲ. ಇನ್ನು ಮುಂದೆ ನೋಡಿದವರಿಲ್ಲದ ದಿನ, ನೋಡಿದವರಿಲ್ಲ ಎಂದೇ ಬರೆಯುತ್ತೇವೆ.'" ಭಾವ ಗಂಟಲು ಸರಿಮಾಡಿಕೊಂಡ. "'ಗುರುವಾರ ಸಂಜೆ ಐದು ಗಂಟೆಗೆ ನೋಡಿದಂತೆ, ಇಪ್ಪತ್ತು ಅಡಿ ಎರಡು ಇಂಚು, ಏರುಮುಖ.'"

ಒಬ್ಬೊಬ್ಬರೇ ಬಾಗಿಲ ಕಡೆ ತಿರುಗಿದರು. ಯಾರೋ ಹಿಂದಿನಿಂದ, "ಇನ್ನು ಪೇಪರ್ ಕೊಂಡ್ಕೊಂಡ ಹಾಗೇ ಇದೆ" ಎಂದರು. ಇನ್ನೊಬ್ಬರು, "ತಪ್ಪಾಯ್ತು ಅಂತಾದ್ರೂ ಹೇಳಿದಾರಲ್ಲ" ಎಂದರು. ಹಲ್ಲಿಲ್ಲದ ತಾತ ನೆಲ ನೋಡುತ್ತಾ ಕೂತಿದ್ದ. ಅಕ್ಕ ಎದ್ದು ಬಂದು ಅವಳ ಪಕ್ಕ ನಿಂತಳು. ಅಂಕಿ ಅಕ್ಕನಿಗೆ ಹಿಂದಕ್ಕೆ ತಿರುಗಿ ಮೆಟ್ಟಿಲಿಳಿದು ಹೋಗಿಬಿಡಬೇಕು ಅನ್ನಿಸಿತು.

ಗೋಡೆಗೆ ಒರಗಿ ಕೂತಿದ್ದ ಇಸ್ತ್ರಿಯವಳು ತಲೆ ಎತ್ತಿದಳು. "ಅದು ನಿನ್ನೆ ಸಂಜೆಯದು," ಎಂದಳು, ಭಾವನಿಗಲ್ಲ, ಪತ್ರಿಕೆಗಲ್ಲ, ನೇರವಾಗಿ ಇವಳಿಗೆ. "ಈಗ ಎಷ್ಟಿದೆ?"

ನೆಲದ ಒದ್ದೆಯನ್ನು ಕಣ್ಣಾರೆ ಕಂಡು, ಕಂಡದ್ದನ್ನು ಹೇಳಿ, ಅಚ್ಚಾದ ಕಾಗದದ ಮುಂದೆ ಸೋತವಳು. ಇನ್ನು ಅಂಕಿ ಅಕ್ಕನನ್ನು ಒಂದು ಮಾತೂ ಕೇಳದಿರಲು ಊರಿನಲ್ಲಿ ಯಾರಿಗಾದರೂ ಹಕ್ಕಿದ್ದರೆ ಅದು ಅವಳಿಗಿತ್ತು. ಆದರೆ ನದಿ ಗೋಡೆಯ ಆಚೆ ಇತ್ತು, ಅವಳ ಅಂಗಡಿ ಈಚೆ ಇತ್ತು. ಕೇಳದೆ ಅವಳಾದರೂ ಏನು ಮಾಡಬೇಕು?

"ಆರು ಗಂಟೆಗೆ ನೋಡಿ ಬಂದೆ," ಎಂದಳು ಅಂಕಿ ಅಕ್ಕ. "ಇಪ್ಪತ್ತೊಂದು ಅಡಿ ಮೂರು ಇಂಚು. ಅರ್ಧ ಗಂಟೆ ಅಲ್ಲೇ ಕೂತಿದ್ದೆ, ಏರಲಿಲ್ಲ. ಇಳಿಯಲೂ ಇಲ್ಲ. ಯಾವಾಗ ಇಳಿಯುತ್ತೆ ಅಂತ ನನಗೆ ಗೊತ್ತಿಲ್ಲ."

"ಹಾಗಾದ್ರೆ ಇವತ್ತು ಮನೆಗೆ ಹೋಗೋ ಹಾಗಿಲ್ಲ," ಎಂದು ಹೇಳಿ, ಇಸ್ತ್ರಿಯವಳು ಪಕ್ಕದ ಗಂಟು ಬಿಚ್ಚಿ, ಗಿರಾಕಿಗಳ ಅಂಗಿಗಳನ್ನು ಒಂದೊಂದಾಗಿ ಮಡಚತೊಡಗಿದಳು.